ಮೊದಲು ಮೀಟರ್, ಆಮೇಲೆ ಲ್ಯಾಪ್‌ಟಾಪ್: ಪಿಎಲ್‌ಸಿಯಲ್ಲಿ ಅನಲಾಗ್ ಕಲಿಯುವುದು ಹೀಗೆ

ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್) ಕಲಿಯಲು ಬಂದವರು ಮೊದಲ ವಾರದಲ್ಲೇ ಸ್ವಿಚ್ ಒತ್ತಿ ದೀಪ ಹಚ್ಚುತ್ತಾರೆ, ಮೋಟಾರ್ ಓಡಿಸುತ್ತಾರೆ. ಖುಷಿಯೋ ಖುಷಿ. ಅನಲಾಗ್ ಪಾಠ ಬಂದಾಗ ಮಾತ್ರ ಮುಖ ಸಪ್ಪಗಾಗುತ್ತದೆ. ಒತ್ತಡ, ಉಷ್ಣತೆ, ಟ್ಯಾಂಕಿನ ಮಟ್ಟ ಇವು ಆನ್-ಆಫ್ ಲೆಕ್ಕಕ್ಕೆ ಸಿಗುವುದಿಲ್ಲ. ಸಾಫ್ಟ್‌ವೇರ್ ತೆರೆದರೆ 16,589 ಎಂಬಂಥ ಸಂಖ್ಯೆ ಕುಣಿಯುತ್ತಿರುತ್ತದೆ. ಇದು ಎಷ್ಟು ಬಾರ್ (ಒತ್ತಡದ ಅಳತೆ)? ಗೊತ್ತಾಗುವುದಿಲ್ಲ.

ನನ್ನ ಪ್ರಕಾರ ತಪ್ಪಾಗುವುದು ಕಲಿಕೆಯ ಕ್ರಮದಲ್ಲಿ. ಅನಲಾಗ್ ಕಲಿಯುವಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಶುರು ಮಾಡಬೇಕು.

ಪಿಎಲ್‌ಸಿ ಇಲ್ಲದೆ ಒಂದು ಗಂಟೆ

24 ವೋಲ್ಟ್ ಡಿಸಿ ಪವರ್ ಸಪ್ಲೈ, ಮಲ್ಟಿಮೀಟರ್, ಟ್ರಾನ್ಸ್‌ಮಿಟರ್ (ಸೆನ್ಸರ್‌ನ ಅಳತೆಯನ್ನು 4ರಿಂದ 20 ಮಿಲಿಆಂಪ್ ಕರೆಂಟ್ ಆಗಿ ಕಳಿಸುವ ಸಾಧನ) ಹಾಗೆ ವರ್ತಿಸುವ ಲೂಪ್ ಕ್ಯಾಲಿಬ್ರೇಟರ್ ಮತ್ತು 500 ಓಮ್ ರೆಸಿಸ್ಟರ್ ಇಟ್ಟುಕೊಳ್ಳಿ. 500 ಓಮ್ ಸಿಗದಿದ್ದರೆ 1 ಕಿಲೋಓಮ್‌ನ ಎರಡನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಆಯ್ತು. ಶೇ 1ರ ನಿಖರತೆಯವು ಒಳ್ಳೆಯದು.

ಸಪ್ಲೈನ ಪ್ಲಸ್‌ನಿಂದ ಕ್ಯಾಲಿಬ್ರೇಟರ್‌ನ ಪ್ಲಸ್‌ಗೆ, ಅದರ ಮೈನಸ್‌ನಿಂದ ಮೀಟರ್‌ಗೆ, ಮೀಟರ್‌ನಿಂದ ರೆಸಿಸ್ಟರ್‌ಗೆ, ಅಲ್ಲಿಂದ ಸಪ್ಲೈನ 0 ವೋಲ್ಟ್‌ಗೆ ತಂತಿ ಎಳೆಯಿರಿ. ಒಂದೇ ದಾರಿ, ಒಂದೇ ಕರೆಂಟ್. ಇದೇ ಲೂಪ್. ಕ್ಯಾಲಿಬ್ರೇಟರ್‌ನಲ್ಲಿ 4 ಮಿಲಿಆಂಪ್ ಇಟ್ಟರೆ ರೆಸಿಸ್ಟರ್‌ನ ಎರಡು ತುದಿಗಳ ನಡುವೆ 2 ವೋಲ್ಟ್ ಸಿಗಬೇಕು. 20ಕ್ಕೆ ಏರಿಸಿದರೆ 10 ವೋಲ್ಟ್.

ಇಲ್ಲೊಂದು ಎಚ್ಚರಿಕೆ. ಕರೆಂಟ್ ಅಳೆದ ಮೇಲೆ ವೋಲ್ಟೇಜ್ ನೋಡುವ ಮುಂಚೆ ಮೀಟರ್‌ನ ಕೆಂಪು ವೈರನ್ನು ವೋಲ್ಟ್ ತೂತಿಗೆ ಬದಲಿಸಲೇಬೇಕು. ಮರೆತು 24 ವೋಲ್ಟ್‌ಗೆ ಮುಟ್ಟಿಸಿದಿರೋ, ಮೀಟರ್‌ನ ಫ್ಯೂಸ್ ಹೋಯಿತು. ನಾನು ಮೂರು ಫ್ಯೂಸ್ ಸುಟ್ಟ ಮೇಲೆ ಕಲಿತೆ. ನೀವು ಒಂದರಲ್ಲೇ ಕಲಿಯಿರಿ. ಮೀಟರನ್ನು ಲೂಪ್‌ನಿಂದ ತೆಗೆದಾಗ ಅದು ಇದ್ದ ಜಾಗವನ್ನು ತಂತಿಯಿಂದ ಕೂಡಿಸುವುದನ್ನೂ ಮರೆಯಬೇಡಿ.

ಸೊನ್ನೆಯಿಂದ ಶುರು ಮಾಡದೆ 4 ಮಿಲಿಆಂಪ್‌ನಿಂದ ಯಾಕೆ? ಒತ್ತಡ ಸೊನ್ನೆ ಇದ್ದಾಗಲೂ 4 ಮಿಲಿಆಂಪ್ ಹರಿಯುತ್ತಿರುತ್ತದೆ. ಹಾಗಾಗಿ ಕರೆಂಟೇ ಸೊನ್ನೆಯಾದರೆ ತಂತಿ ಕಡಿದಿದೆ ಅಥವಾ ಸಪ್ಲೈ ಹೋಗಿದೆ ಎಂದು ತಿಳಿಯುತ್ತದೆ. ಎರಡೇ ತಂತಿಯ ಟ್ರಾನ್ಸ್‌ಮಿಟರ್ ತನ್ನ ಹೊಟ್ಟೆ ತುಂಬಿಸಿಕೊಳ್ಳುವುದೂ ಈ 4 ಮಿಲಿಆಂಪ್‌ನಲ್ಲೇ.

ಈಗ ಪಿಎಲ್‌ಸಿ ಜೋಡಿಸಿ

ತರಬೇತಿ ಮೇಜಿನ ಮೇಲೆ ಹೆಚ್ಚಾಗಿ ಕಾಣುವ ಸೀಮೆನ್ಸ್ ಎಸ್7-1200 ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಿಪಿಯುನಲ್ಲೇ 0-10 ವೋಲ್ಟ್‌ನ ಎರಡು ಅನಲಾಗ್ ಇನ್‌ಪುಟ್ ಇರುತ್ತವೆ. ಸಪ್ಲೈ ಆಫ್ ಮಾಡಿ. ರೆಸಿಸ್ಟರ್‌ನ ಮೇಲಿನ ತುದಿಯನ್ನು ಇನ್‌ಪುಟ್‌ಗೆ, ಕೆಳಗಿನ ತುದಿಯನ್ನು ಅನಲಾಗ್ ಕಾಮನ್‌ಗೆ ಕೊಡಿ. ಈಗ ಲ್ಯಾಪ್‌ಟಾಪ್ ತೆರೆಯಬಹುದು. ವಿಳಾಸ ಬದಲಿಸಿರದಿದ್ದರೆ ಮೊದಲ ಇನ್‌ಪುಟ್‌ನ ಸಂಖ್ಯೆ ಐಡಬ್ಲ್ಯೂ64 ಎಂಬ ವಿಳಾಸದಲ್ಲಿ ಕಾಣುತ್ತದೆ.

ಇಲ್ಲಿ 10 ವೋಲ್ಟ್ ಎಂದರೆ 27,648. ಹಾಗಾದರೆ 4 ಮಿಲಿಆಂಪ್‌ಗೆ 2 ವೋಲ್ಟ್, ಅಂದರೆ ಸುಮಾರು 5,530. 12 ಮಿಲಿಆಂಪ್‌ಗೆ 16,589. ಆಗ ಹೆದರಿಸಿದ ಸಂಖ್ಯೆ ಇದೇ ಅಲ್ವಾ? ಆದರೆ ಕರಾರುವಾಕ್ಕಾಗಿ ಅದೇ ಸಂಖ್ಯೆ ಬರಲಿಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಈ ಇನ್‌ಪುಟ್ 10 ಬಿಟ್‌ನದು, ಅಂದರೆ 1,024 ಹಂತ ಮಾತ್ರ. ಹಾಗಾಗಿ ಸಂಖ್ಯೆ ಒಂದೊಂದಾಗಿ ಏರದೆ ಸುಮಾರು 27ರ ಹೆಜ್ಜೆಯಲ್ಲಿ ಜಿಗಿಯುತ್ತದೆ.

ಸಂಖ್ಯೆಯಿಂದ ಬಾರ್‌ಗೆ

ಸೆನ್ಸರ್ 0-10 ಬಾರ್‌ನದು ಎಂದುಕೊಳ್ಳಿ. ಬಂದ ಸಂಖ್ಯೆಯಲ್ಲಿ 5,530 ಕಳೆಯಿರಿ. 22,118ರಿಂದ (27,648ರಲ್ಲಿ 5,530 ಕಳೆದರೆ ಉಳಿಯುವುದು) ಭಾಗಿಸಿ, 10ರಿಂದ ಗುಣಿಸಿ. 16,589 ಬಂದಿದ್ದರೆ ಕಳೆದಾಗ 11,059, ಉತ್ತರ 5 ಬಾರ್. ಕಾಗದದ ಮೇಲೆ ಸಲೀಸು. ಪ್ರೋಗ್ರಾಂನಲ್ಲಿ ಮಾತ್ರ ಎಡವಿ ಬೀಳುವ ಎರಡು ಹಳ್ಳಗಳಿವೆ. ಪೂರ್ಣಾಂಕದಲ್ಲಿ 11,059 ಅನ್ನು 22,118ರಿಂದ ಭಾಗಿಸಿದರೆ ಉತ್ತರ ಸೊನ್ನೆ! ಸರಿ, ಮೊದಲು ಗುಣಿಸೋಣ ಎಂದರೆ 1,10,590 ಆಗುತ್ತದೆ. 16 ಬಿಟ್‌ನ ಪೂರ್ಣಾಂಕ 32,767ಕ್ಕೇ ನಿಲ್ಲುತ್ತದೆ. ಆದ್ದರಿಂದ ಮೊದಲೇ ರಿಯಲ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸಿಕೊಳ್ಳಿ. ನಾರ್ಮ್-ಎಕ್ಸ್, ಸ್ಕೇಲ್-ಎಕ್ಸ್ ಎಂಬ ರೆಡಿ ಬ್ಲಾಕ್‌ಗಳು ಇವೆ, ಬಳಸಿ. ಆದರೆ ಒಮ್ಮೆಯಾದರೂ ಕೈಯಾರೆ ಲೆಕ್ಕ ಮಾಡಿ ನೋಡಿ.

ತಂತಿ ಕಿತ್ತು ನೋಡಿ

ಬಹಳಷ್ಟು ಜನ ಬಿಟ್ಟುಬಿಡುವ ಹೆಜ್ಜೆ ಇದು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕ್ಯಾಲಿಬ್ರೇಟರ್‌ನ ಒಂದು ತಂತಿ ಬಿಚ್ಚಿ. ಇನ್‌ಪುಟ್ ಸೊನ್ನೆಗೆ ಇಳಿಯುತ್ತದೆ, ಲೆಕ್ಕ ಮೈನಸ್ 2.5 ಬಾರ್ ತೋರಿಸುತ್ತದೆ. ಮೈನಸ್ ಚೆನ್ನಾಗಿ ಕಾಣುವುದಿಲ್ಲ ಎಂದು ಅದನ್ನು ಸೊನ್ನೆ ಬಾರ್ ಮಾಡಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಪಿಎಲ್‌ಸಿಗೆ ತಂತಿ ಕಡಿದದ್ದೂ ಒಂದೇ, ಒತ್ತಡ ಇಲ್ಲದ್ದೂ ಒಂದೇ. ಒತ್ತಡ ಸಾಲದು ಎಂದುಕೊಂಡು ಪಂಪನ್ನು ಓಡಿಸುತ್ತಲೇ ಇರುತ್ತದೆ. ಪೈಪಿನ ಗತಿ ಏನು?

3.6 ಮಿಲಿಆಂಪ್‌ಗಿಂತ ಕಡಿಮೆಯಾದರೆ ದೋಷ ಎಂದು ಹಿಡಿಯುವುದು ರೂಢಿ. ನಮ್ಮ ಜೋಡಣೆಯಲ್ಲಿ ಅದು ಸುಮಾರು 4,977. ಸಂಖ್ಯೆ ಅದಕ್ಕಿಂತ ಕೆಳಗೆ ಒಂದೆರಡು ಸೆಕೆಂಡ್ ನಿಂತರೆ ಅಲಾರಂ ಬರಲಿ, ಪಂಪ್ ನಿಲ್ಲಲಿ. ಈ ಪರೀಕ್ಷೆ ಸ್ಕೇಲಿಂಗ್‌ಗೆ, ಅಂದರೆ ಸಂಖ್ಯೆಯನ್ನು ಬಾರ್‌ಗೆ ಬದಲಿಸುವುದಕ್ಕೆ, ಮುಂಚೆಯೇ ಇರಬೇಕು.

ಸಂಖ್ಯೆ ಸುಮ್ನೆ ಕುಣಿಯುತ್ತಿದ್ದರೆ ತಕ್ಷಣ ಫಿಲ್ಟರ್ (ಏರಿಳಿತವನ್ನು ನಯಗೊಳಿಸುವ ವ್ಯವಸ್ಥೆ) ಹಾಕಬೇಡಿ. ಸಿಗ್ನಲ್ ಕೇಬಲ್ ಮೋಟಾರ್ ಡ್ರೈವ್‌ನ ಕೇಬಲ್ ಜೊತೆಗೇ ಓಡುತ್ತಿದೆಯೇ ನೋಡಿ. ಶೀಲ್ಡ್ (ಕೇಬಲ್ ಒಳಗಿನ ಲೋಹದ ಹೊದಿಕೆ) ಎರಡೂ ತುದಿಗೆ ಅರ್ಥ್ ಆಗಿದ್ದರೆ ಅದರಲ್ಲೇ ಕರೆಂಟ್ ಸುತ್ತಬಹುದು. ಇಂಥ ಸಿಗ್ನಲ್‌ಗೆ ಸಾಮಾನ್ಯವಾಗಿ ಪ್ಯಾನೆಲ್ ಕಡೆ ಮಾತ್ರ ಅರ್ಥ್ ಮಾಡುತ್ತಾರೆ. ಫಿಲ್ಟರ್ ಜಾಸ್ತಿಯಾದಷ್ಟೂ ಓದುವಿಕೆ ನಿಧಾನವಾಗುತ್ತದೆ.

ಪಿಐಡಿ (ಒತ್ತಡದಂಥ ಅಳತೆಯನ್ನು ಬೇಕಾದ ಮಟ್ಟದಲ್ಲಿ ತಾನಾಗಿ ಹಿಡಿದಿಡುವ ನಿಯಂತ್ರಣ ಲೆಕ್ಕ) ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: ಅದನ್ನು ಮುಖ್ಯ ಪ್ರೋಗ್ರಾಂನಲ್ಲಿ ಹಾಕದೆ ನಿಗದಿತ ಸಮಯಕ್ಕೆ ಓಡುವ ಸೈಕ್ಲಿಕ್ ಇಂಟರಪ್ಟ್‌ನಲ್ಲಿ ಹಾಕಿ. ಓದುವಿಕೆಯೇ ಸರಿಯಿಲ್ಲದಿದ್ದರೆ ಟ್ಯೂನಿಂಗ್ ಮಾಡುತ್ತಾ ರಾತ್ರಿ ಕಳೆಯಬೇಕಾಗುತ್ತದೆ.

ಪಿಐಡಿಗೆ ಕೈ ಹಾಕುವ ಮುಂಚೆ ಒಂದು ಹಾಳೆಯಲ್ಲಿ 4, 8, 12, 16, 20 ಮಿಲಿಆಂಪ್ ಎಂದು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಮೀಟರ್ ಏನು ಹೇಳಿತು, ಐಡಬ್ಲ್ಯೂ64 ಏನು ಹೇಳಿತು, ಪರದೆ ಎಷ್ಟು ಬಾರ್ ತೋರಿಸಿತು ಎಂದು ತುಂಬಿಸಿ. ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಪರದೆಯ ಮೇಲೆ 0, 2.5, 5, 7.5, 10 ಬಂದಿರಬೇಕು. ಮೀಟರ್ ಸರಿ, ಸಂಖ್ಯೆ ತಪ್ಪು ಎಂದಾದರೆ ರೆಸಿಸ್ಟರ್ ಅಥವಾ ವೈರಿಂಗ್ ನೋಡಿ. ಸಂಖ್ಯೆ ಸರಿ, ಬಾರ್ ತಪ್ಪು ಎಂದಾದರೆ ಪ್ರೋಗ್ರಾಂ ನೋಡಿ. ಮೀಟರೇ ಸೊನ್ನೆ ತೋರಿಸುತ್ತಿದ್ದರೆ ಅದರ ಫ್ಯೂಸ್ ನೋಡಿ.