ಚೀಲದ ಭಾರ ಸೊಂಟಕ್ಕಿಳಿಯಲಿ: ಚಾರಣಕ್ಕೆ ಮೊದಲು ಮನೆಯಲ್ಲೇ ಪರೀಕ್ಷೆ

ಮೊದಲ ಸಲ ಕುಮಾರಪರ್ವತಕ್ಕೆ ಹೋದಾಗ ಗಿರಿಗದ್ದೆ ಮುಟ್ಟುವಷ್ಟರಲ್ಲಿ ನನ್ನ ಭುಜಗಳು ಮರಗಟ್ಟಿದ್ದವು. ಅಂಗಿ ಸರಿಸಿದರೆ ಪಟ್ಟಿ ಕೂತ ಜಾಗದಲ್ಲಿ ಎರಡು ಬೆರಳಗಲದ ಕೆಂಪು ಬರೆ. ಚೀಲ ಗಟ್ಟಿಯಾಗಿಯೇ ಇತ್ತು, ಆದರೆ ನನ್ನ ಬೆನ್ನಿಗೆ ಉದ್ದವಾಗಿತ್ತು. ಸೊಂಟದ ಪಟ್ಟಿ ಪೃಷ್ಠಕ್ಕೆ ಜಾರಿ, ಭಾರವೆಲ್ಲ ಹೆಗಲಿಗೆ ಬಿದ್ದಿತ್ತು. ಅಂಗಡಿಯಲ್ಲಿ ನಾನು ಹಾಕಿ ನೋಡಿದ್ದು ಖಾಲಿ ಚೀಲವನ್ನು. ಖಾಲಿ ಚೀಲ ಎಲ್ಲರಿಗೂ ಹೊಂದುತ್ತದೆ.

ಮೊದಲು ಬೆನ್ನು ಅಳೆಸಿಕೊಳ್ಳಿ. ತಲೆ ಬಗ್ಗಿಸಿದರೆ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ದರ್ಜಿಯ ಟೇಪನ್ನು ಬೆನ್ನಿಗೆ ಅಂಟಿಸಿ ಹಿಡಿಯಬೇಕು. ಚೀಲದ ಅಳತೆಗೆ ಲೆಕ್ಕ ಇದೇ, ನಿಮ್ಮ ಎತ್ತರವಲ್ಲ. ಎತ್ತರದವರ ಬೆನ್ನೂ ಗಿಡ್ಡವಿರಬಹುದು.

ಈಗ ಭಾರ ತುಂಬಿ. ಐದೈದು ಕಿಲೋದ ಎರಡು ಅಕ್ಕಿ ಚೀಲ, ಎರಡು ಲೀಟರ್ ನೀರು ಸೇರಿದರೆ 12 ಕಿಲೋ. ತಳಕ್ಕೆ ಕಂಬಳಿ ಹಾಕಿ, ಅಕ್ಕಿಯನ್ನು ಬೆನ್ನಿಗೆ ತಾಗುವಂತೆ ನಡುವೆ ಇಡಿ. ಭಾರ ಹೊರಬದಿಗೆ ಹೋದಷ್ಟೂ ಚೀಲ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ.

ಪಟ್ಟಿ ಬಿಗಿಯುವ ಕ್ರಮವೇ ಇಲ್ಲಿ ಮುಖ್ಯ, ಹೆಚ್ಚಿನವರು ತಪ್ಪುವುದೂ ಇಲ್ಲೇ. ಎಲ್ಲವನ್ನೂ ಸಡಿಲಿಸಿ ಚೀಲ ಹೊತ್ತುಕೊಳ್ಳಿ. ಮೊದಲು ಸೊಂಟದ ಪಟ್ಟಿ: ಅದರ ಮೆತ್ತೆಯ ನಡುಭಾಗ ಸೊಂಟದ ಮೂಳೆಯ ಮೇಲಂಚಿನ ಮೇಲೆ ಕೂರಬೇಕು. ಪ್ಯಾಂಟಿನ ಬೆಲ್ಟ್ ತೆಗೆದಿಡಿ, ಅದರ ಬಕಲ್ ಅಡಿಗೆ ಸಿಕ್ಕರೆ ಗಂಟೆಯೊಳಗೆ ಚರ್ಮ ಕೆತ್ತುತ್ತದೆ. ನಂತರ ಭುಜದ ಪಟ್ಟಿ, ಹೆಗಲಿಗೆ ಅಂಟುವಷ್ಟು ಮಾತ್ರ. ಆಮೇಲೆ ಭುಜದ ಮೇಲಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿಗಳನ್ನು ಹಗುರಾಗಿ ಎಳೆಯಿರಿ, ಅವು ಸುಮಾರು 45 ಡಿಗ್ರಿ ಓರೆಯಾಗಿದ್ದರೆ ಸರಿ. ಕೊನೆಗೆ ಎದೆಪಟ್ಟಿ, ಉಸಿರು ಕಟ್ಟದಂತೆ. ಈಗ ಭುಜದ ಪಟ್ಟಿಯನ್ನು ಕೊಂಚ ಸಡಿಲಿಸಿ ನೋಡಿ. ಚೀಲ ಕುಸಿಯದೆ ಸೊಂಟದ ಮೇಲೆಯೇ ನಿಂತಿದ್ದರೆ ಅಳತೆ ನಿಮ್ಮದೇ.

ಅರ್ಧ ಗಂಟೆ ಮೆಟ್ಟಿಲು ಹತ್ತಿಳಿಯಿರಿ. ಇಳಿಯುವಾಗ ಹೆಚ್ಚು ಗಮನವಿರಲಿ: ಚೀಲ ಅತ್ತಿತ್ತ ತೂಗಿದರೆ, ಪಟ್ಟಿ ಪದೇ ಪದೇ ಕೆಳಗೆ ಜಾರಿದರೆ, ಬೆರಳು ಜುಮ್ಮೆಂದರೆ ಮತ್ತೊಂದು ಅಳತೆಯದ್ದನ್ನು ತನ್ನಿ. ಈ ನಡಿಗೆ ಮುಗಿಯುವವರೆಗೆ ಬೆಲೆಚೀಟಿ ಕೀಳಬೇಡಿ, ಬಿಲ್ಲನ್ನೂ ಜೋಪಾನವಾಗಿಡಿ.