ಬ್ರಿಟನ್ನಿನಲ್ಲಿ ಏಜೆನ್ಸಿ ನರ್ಸ್ ಕೆಲಸ: ನಾನು ಹೇಗೆ ಮಾಡಿದೆ

ಏಜೆನ್ಸಿ ನರ್ಸ್ ಆಗಿ, ಅಂದರೆ ಏಜೆನ್ಸಿ ಕಳಿಸಿದ ಕಡೆ ಶಿಫ್ಟು ಲೆಕ್ಕದಲ್ಲಿ ದುಡಿಯುವ ನರ್ಸ್ ಆಗಿ, ಬ್ರಿಟನ್ನಿಗೆ ಬರುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದು: ನೇರವಾಗಿ ಹಾಗೆ ಬರಲು ಆಗುವುದಿಲ್ಲ. ಹೆಲ್ತ್ ಅಂಡ್ ಕೇರ್ ವೀಸಾಕ್ಕೆ ಸ್ಪಾನ್ಸರ್ ಮಾಡುವವರು ತಮ್ಮಲ್ಲೇ ನಿಜವಾದ ಕೆಲಸ ಕೊಡಬೇಕು. ಇವತ್ತು ಒಂದು ಆಸ್ಪತ್ರೆ, ನಾಳೆ ಇನ್ನೊಂದು ಎಂದು ಬೇರೆಯವರ ಖಾಲಿ ಜಾಗ ತುಂಬಲು ಕಳಿಸುವುದಕ್ಕೆ ಸ್ಪಾನ್ಸರ್ ಮಾಡುವಂತಿಲ್ಲ. ‘ಏಜೆನ್ಸಿ ಕೆಲಸಕ್ಕೇ ವೀಸಾ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹಾಗಾಗಿ ನಾನು ಮೊದಲು ಒಂದು ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ಕಾಯಂ ಕೆಲಸ ಹಿಡಿದೆ. ನನ್ನನ್ನು ಅಲ್ಲಿಗೆ ಸೇರಿಸಿದ್ದು ಒಂದು ರಿಕ್ರೂಟ್‌ಮೆಂಟ್ ಏಜೆನ್ಸಿ. ಅವರಿಗೆ ನಾನು ಒಂದು ಪೈಸೆಯೂ ಕೊಡಲಿಲ್ಲ. ಹೊರದೇಶದ ನರ್ಸ್‌ಗಳ ಹತ್ತಿರ ಕೆಲಸ ಕೊಡಿಸಲು ದುಡ್ಡು ಕೇಳಬಾರದು ಎಂದು ಬ್ರಿಟಿಷ್ ಸರ್ಕಾರದ ನೇಮಕಾತಿ ಸಂಹಿತೆಯೇ ಹೇಳುತ್ತದೆ. ಅದಕ್ಕೆ ಒಪ್ಪಿದ ಏಜೆನ್ಸಿಗಳ ಪಟ್ಟಿಯನ್ನು ಎನ್‌ಎಚ್‌ಎಸ್ ಎಂಪ್ಲಾಯರ್ಸ್ ಪ್ರಕಟಿಸುತ್ತದೆ. ನನಗೆ ಬಂದ ಕರೆಗಳನ್ನೆಲ್ಲ ನಾನು ಆ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಿದ್ದೆ.

ಪರೀಕ್ಷೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ. ನಾನು ಒಇಟಿ ಬರೆದೆ, ಆಸ್ಪತ್ರೆಯದೇ ಭಾಷೆ ಅಲ್ವಾ ಎಂದು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಬರೆಯುವ ನರ್ಸಿಂಗ್ ಪರೀಕ್ಷೆ ಸಿಬಿಟಿ. ಕೊನೆಗೆ ಬ್ರಿಟನ್ನಿನಲ್ಲೇ 10 ಸ್ಟೇಷನ್‌ಗಳ ಆಸ್ಕಿ (ಕೆಲಸ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ). ಅದು ಪಾಸಾಗಿ ಎನ್‌ಎಂಸಿಯ (ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್) ನೋಂದಣಿ ಸಂಖ್ಯೆಯಾದ ಪಿನ್ ಕೈಗೆ ಬರುವ ತನಕ ನೀವು ಅಲ್ಲಿ ನರ್ಸ್ ಅಲ್ಲ, ನಿಮ್ಮ ಅನುಭವ ಎಷ್ಟೇ ಜಾಸ್ತಿ ಇರಲಿ.

ಪಿನ್ ಬಂದ ಕೂಡಲೇ ನಾನು ಏಜೆನ್ಸಿಗೆ ಅರ್ಜಿ ಹಾಕಲಿಲ್ಲ. ಮೊದಲು ನನ್ನ ವಾರ್ಡಿನಲ್ಲೇ ಕೈ ಪಳಗಲಿ ಎಂದುಕೊಂಡೆ. ಏಜೆನ್ಸಿ ನರ್ಸ್‌ಗೆ ಯಾರೂ ಕೂತು ಕಲಿಸುವುದಿಲ್ಲ. ಆಕೆಯನ್ನು ಕರೆಸುವುದೇ ಜನ ಸಾಲದ ದಿನ.

ಸ್ಪಾನ್ಸರ್ ಮಾಡಿದ ಕೆಲಸ ಬಿಡದೆ, ಅದರ ಡ್ಯೂಟಿ ಸಮಯದ ಹೊರಗೆ, ವಾರಕ್ಕೆ 20 ಗಂಟೆ ತನಕ ಬೇರೆ ಕಡೆ ನರ್ಸ್ ಕೆಲಸ ಮಾಡಲು ವೀಸಾ ಬಿಡುತ್ತದೆ. ಏಜೆನ್ಸಿ ಶಿಫ್ಟು ಮಾಡಲು ನಮಗಿರುವ ದಾರಿ ಇದೇ. 20 ಗಂಟೆ ಎಂದರೆ ಎರಡು ಶಿಫ್ಟು ಎಂದು ಎಷ್ಟೋ ಜನ ಲೆಕ್ಕ ಹಾಕುತ್ತಾರೆ. ಆದರೆ ಅಲ್ಲಿ ಲಾಂಗ್ ಡೇ ಸಾಮಾನ್ಯವಾಗಿ ಹನ್ನೆರಡು, ಹನ್ನೆರಡೂವರೆ ಗಂಟೆ. ಒಂದು ಗಂಟೆ ಬ್ರೇಕ್ ಕಳೆದರೂ ಎರಡು ಸೇರಿದರೆ 20 ದಾಟುತ್ತದೆ. ನಾನು ವಾರಕ್ಕೆ ಒಂದೇ ಲಾಂಗ್ ಡೇ ಒಪ್ಪಿಕೊಳ್ಳುತ್ತಿದ್ದೆ, ಕೆಲವೊಮ್ಮೆ ಜೊತೆಗೆ ಒಂದು ಸಣ್ಣ ಶಿಫ್ಟು. ‘ಇನ್ನೊಂದೇ ಒಂದು ನೈಟ್ ಮಾಡಿಬಿಡಿ, ಪ್ಲೀಸ್’ ಎಂದು ಏಜೆನ್ಸಿಯಿಂದ ಫೋನ್ ಬರುತ್ತದೆ. ಅವರಿಗೆ ಶಿಫ್ಟು ತುಂಬಿದರೆ ಸಾಕು. ವೀಸಾ ನಮ್ಮದು, ಲೆಕ್ಕವನ್ನೂ ನಾವೇ ಇಡಬೇಕು. ಶಾಶ್ವತ ವಾಸದ ಅನುಮತಿ ಸಿಕ್ಕಿದ ಮೇಲೆ ಈ ಮಿತಿ ಇರುವುದಿಲ್ಲ. ಆಗ ಬೇಕಾದರೆ ಏಜೆನ್ಸಿಯನ್ನೇ ಪೂರ್ತಿ ನೆಚ್ಚಿಕೊಳ್ಳಬಹುದು.

ಏಜೆನ್ಸಿಗೆ ಸೇರುವಾಗ ಕಾಗದಪತ್ರ ರಾಶಿ ಇರುತ್ತದೆ. ಡಿಬಿಎಸ್ ಪೊಲೀಸ್ ತಪಾಸಣೆ, ಹೆಪಟೈಟಿಸ್ ಬಿ ಮತ್ತಿತರ ಲಸಿಕೆಗಳ ದಾಖಲೆ, ರೆಫರೆನ್ಸ್, ಬೇಸಿಕ್ ಲೈಫ್ ಸಪೋರ್ಟ್, ರೋಗಿಯನ್ನು ಎತ್ತಿ ಕೂರಿಸುವ ತರಬೇತಿ. ಡಿಬಿಎಸ್‌ನ ಅಪ್‌ಡೇಟ್ ಸರ್ವಿಸ್‌ಗೆ ಸೇರಿಕೊಂಡರೆ ಮುಂದೆ ಏಜೆನ್ಸಿ ಬದಲಿಸುವಾಗ ಮತ್ತೆ ಮೊದಲಿನಿಂದ ಕಾಯುವುದು ತಪ್ಪುತ್ತದೆ.

ಹೊಸ ವಾರ್ಡಿನಲ್ಲಿ ಮೊದಲ ಅರ್ಧ ಗಂಟೆ ಹೇಗೆ ಹೋಗುತ್ತದೋ ಇಡೀ ಶಿಫ್ಟು ಹಾಗೇ ಹೋಗುತ್ತದೆ. ಹಿಂದಿನ ಶಿಫ್ಟಿನವರು ರೋಗಿಗಳನ್ನು ಒಪ್ಪಿಸುವ ಹ್ಯಾಂಡೋವರ್‌ಗಿಂತ ಸ್ವಲ್ಪ ಮುಂಚೆ ನಾನು ಹೋಗಿ ಕ್ರ್ಯಾಶ್ ಟ್ರಾಲಿ (ತುರ್ತು ಸಾಮಗ್ರಿಯ ಗಾಡಿ), ಸಕ್ಷನ್, ಆಕ್ಸಿಜನ್ ಎಲ್ಲಿವೆ ಎಂದು ಕಣ್ಣಾರೆ ನೋಡಿಕೊಳ್ಳುತ್ತೇನೆ. ಹೃದಯ ನಿಂತಾಗ ಕರೆಯುವ ನಂಬರ್ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ 2222, ಅದೊಂದು ಸಮಾಧಾನ. ರೋಗಿ ಹದಗೆಡುತ್ತಿರುವುದನ್ನು ಅಳೆಯುವ ನ್ಯೂಸ್-2 ಅಂಕಗಳೂ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಉಳಿದದ್ದು ಬೇರೆ ಬೇರೆ. ಒಂದು ಕಡೆ ಔಷಧಿ ಚಾರ್ಟ್ ಕಾಗದದ್ದು, ಇನ್ನೊಂದು ಕಡೆ ಕಂಪ್ಯೂಟರಿನದು. ಲಾಗಿನ್ ಇಲ್ಲದಿದ್ದರೆ ನಾನು ಕೊಟ್ಟ ಔಷಧಿಯನ್ನು ನಾನೇ ದಾಖಲಿಸಲು ಆಗುವುದಿಲ್ಲ. ಬೇರೆಯವರ ಹೆಸರಿನಲ್ಲಿ ಲಾಗಿನ್ ಆಗಿ ಕೆಲಸ ಮಾಡುವ ಮಾತೇ ಇಲ್ಲ. ಶುಗರ್ ನೋಡುವ ಮೀಟರ್ ಕೂಡ ಕೆಲವು ಕಡೆ ಅಲ್ಲಿನ ಸ್ಟಾಫ್ ಬಾರ್‌ಕೋಡ್ ಇಲ್ಲದೆ ತೆರೆದುಕೊಳ್ಳುವುದಿಲ್ಲ. ಅದಕ್ಕೇ ಚಾರ್ಜ್ ನರ್ಸ್‌ಗೆ ಮೊದಲೇ ಹೇಳಿಬಿಡುತ್ತೇನೆ: ನನಗೆ ಲಾಗಿನ್ ಬೇಕು, ಅದು ಬರುವ ತನಕ ನನ್ನ ಪಾಲಿನ ರೋಗಿಗಳ ಔಷಧಿ ಯಾರು ನೋಡುತ್ತಾರೆ?

ಐವಿ, ಅಂದರೆ ರಕ್ತನಾಳಕ್ಕೆ ಕೊಡುವ ಔಷಧಿಯ ವಿಷಯವನ್ನೂ ಆಗಲೇ ಎತ್ತುತ್ತೇನೆ. ಒಂದು ಟ್ರಸ್ಟ್ (ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಸಂಸ್ಥೆ) ಒಪ್ಪಿದ ಐವಿ ಸರ್ಟಿಫಿಕೇಟನ್ನು ಇನ್ನೊಂದು ಒಪ್ಪದೇ ಇರಬಹುದು. ಮಾರ್ಫಿನ್‌ನಂಥ ಕಂಟ್ರೋಲ್ಡ್ ಔಷಧಿಗೆ ಜೊತೆಯಲ್ಲಿ ನಿಂತು ಚೆಕ್ ಮಾಡುವವರು ಯಾರು ಎಂದೂ ಕೇಳಿಟ್ಟುಕೊಳ್ಳುತ್ತೇನೆ. ಎಷ್ಟೊಂದು ಪ್ರಶ್ನೆ ಕೇಳುತ್ತಾಳೆ ಎಂದು ಕೆಲವರು ಮುಖ ಗಂಟಿಕ್ಕುತ್ತಾರೆ. ಗಂಟಿಕ್ಕಲಿ ಬಿಡಿ. ನನಗೆ ಬಾರದ ಕೆಲಸವಾದರೆ ಬರುವುದಿಲ್ಲ ಎನ್ನುತ್ತೇನೆ, ಮತ್ತು ಅದನ್ನು ನೋಟ್ಸ್‌ನಲ್ಲಿ ಬರೆಯುತ್ತೇನೆ. ಪಿನ್‌ಗೆ ಉತ್ತರ ಕೊಡಬೇಕಾದವಳು ನಾನು.

ಇನ್ನು ದುಡ್ಡು. ಫೋನಿನಲ್ಲಿ ಹೇಳುವ ಗಂಟೆಯ ರೇಟ್ ಕೈಗೆ ಬರುವ ಸಂಬಳ ಅಲ್ಲ. ಏಜೆನ್ಸಿಗೂ ನಮಗೂ ನಡುವೆ ನಿಂತು ಸಂಬಳ ಕೊಡುವ ಅಂಬ್ರೆಲಾ ಕಂಪನಿಯ ಮೂಲಕವಾದರೆ ಆ ರೇಟಿನಿಂದಲೇ ಉದ್ಯೋಗದಾತರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ವಿಮೆಯ ವಂತಿಗೆ) ಮತ್ತು ಕಂಪನಿಯ ಮಾರ್ಜಿನ್ ಮೊದಲು ಹೋಗುತ್ತವೆ. ನಮ್ಮ ತೆರಿಗೆ ಆಮೇಲೆ. ಏಜೆನ್ಸಿಯೇ ತೆರಿಗೆ ಹಿಡಿದು ನೇರವಾಗಿ ಸಂಬಳ ಕೊಡುವ ಪಿಎವೈಇ ರೇಟ್ ನೋಡಲು ಕಡಿಮೆ, ಆದರೆ ಎರಡನ್ನೂ ಕಾಗದದ ಮೇಲೆ ಕೂಡಿಸಿ ನೋಡಿದರೆ ಅಂತರ ಅಷ್ಟೇನೂ ಇರುವುದಿಲ್ಲ. ಎರಡನೇ ಕೆಲಸಕ್ಕೆ ಸಾಮಾನ್ಯವಾಗಿ ಬಿಆರ್ ಟ್ಯಾಕ್ಸ್ ಕೋಡ್ ಬರುತ್ತದೆ. ವರ್ಷಕ್ಕೆ ತೆರಿಗೆ ಇಲ್ಲದ 12,570 ಪೌಂಡ್ ಮೊದಲ ಕೆಲಸದಲ್ಲೇ ಖರ್ಚಾಗಿರುವುದರಿಂದ ಇಲ್ಲಿ ಮೊದಲ ಪೌಂಡಿನಿಂದಲೇ 20 ಶೇಕಡಾ ಹಿಡಿಯುತ್ತಾರೆ. ಇದನ್ನು ತಿಳಿಯದೆ ಪೇಸ್ಲಿಪ್ ನೋಡಿ ಏಜೆನ್ಸಿಯ ಜೊತೆ ಜಗಳಕ್ಕೆ ಹೋದವರನ್ನು ನೋಡಿದ್ದೇನೆ.

ಶಿಫ್ಟು ಮುಗಿಸಿ ಹೊರಡುವ ಮುಂಚೆ ಟೈಮ್‌ಶೀಟ್‌ಗೆ ಸಹಿ ಹಾಕಿಸಿಕೊಳ್ಳುತ್ತೇನೆ. ಚೆನ್ನಾಗಿ ನಡೆದ ದಿನ ಚಾರ್ಜ್ ನರ್ಸ್ ಹತ್ತಿರ ಎರಡು ಸಾಲು ಅಭಿಪ್ರಾಯವನ್ನೂ ಬರೆಸಿಕೊಳ್ಳುತ್ತೇನೆ. ಮೂರು ವರ್ಷಕ್ಕೊಮ್ಮೆ ಎನ್‌ಎಂಸಿ ನೋಂದಣಿ ಉಳಿಸಿಕೊಳ್ಳಲು ಮಾಡಬೇಕಾದ ರಿವ್ಯಾಲಿಡೇಶನ್‌ಗೆ 450 ಗಂಟೆ ಕೆಲಸದ ಲೆಕ್ಕ, 35 ಗಂಟೆ ಕಲಿಕೆ ಮತ್ತು ಇಂಥ ಐದು ಅಭಿಪ್ರಾಯ ಬೇಕು. ಆಮೇಲೆ ಕೇಳೋಣ ಎಂದರೆ, ಒಂದು ದಿನ ಬಂದು ಹೋದವಳ ಮುಖ ಅವರಿಗೆಲ್ಲಿ ನೆನಪಿರುತ್ತದೆ?