ಹೂಗೆಡ್ಡೆ ಮೆತ್ತಗಾಗಿದೆಯೇ? ಕೊರೆದ ಹುಳು ಯಾವುದೆಂದು ಪತ್ತೆ ಹಚ್ಚುವುದು ಹೀಗೆ

ಅಮರಿಲ್ಲಿಸ್, ಡ್ಯಾಫೋಡಿಲ್, ಗ್ಲಾಡಿಯೋಲಸ್, ಲಿಲ್ಲಿ, ಟ್ಯುಲಿಪ್‌ನಂಥ ಗೆಡ್ಡೆ ಹೂವುಗಳಲ್ಲಿ ಹಾನಿ ಕಣ್ಣಿಗೆ ಬೀಳುವುದೇ ತಡವಾಗಿ. ಎಲೆ ಸಣಕಲಾಗಿ, ಹೂವು ಬಾರದೆ ಹೋದಾಗ ಅಗೆದು ನೋಡಿದರೆ ಗೆಡ್ಡೆ ಕೊಳೆತಿರುತ್ತದೆ, ಅದರಲ್ಲಿ ನಾಲ್ಕಾರು ಬಗೆಯ ಜೀವಿಗಳು ಹರಿದಾಡುತ್ತಿರುತ್ತವೆ. ಮೊದಲು ಕಂಡ ಹುಳುವಿನ ಮೇಲೆ ತಪ್ಪು ಹೊರಿಸಿ ಔಷಧ ಸುರಿಯುವವರೇ ಹೆಚ್ಚು. ನಿಜಕ್ಕೂ ಗಟ್ಟಿ ಗೆಡ್ಡೆಗೆ ಬಾಯಿ ಹಾಕುವ ಕೀಟಗಳು ಕೆಲವೇ. ಉಳಿದವು ಕೊಳೆತ ಮೇಲೆ ಊಟಕ್ಕೆ ಬಂದವು.

ಬೇಕಾಗುವುದು ಹರಿತವಾದ ಚಾಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಬಿಳಿ ಕಾಗದ, ಚಾಕು ಒರೆಸಲು ಸ್ಪಿರಿಟ್. ಡ್ಯಾಫೋಡಿಲ್ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೈಗವಸು ಇರಲಿ.

ಒತ್ತಿ, ತಿರುಗಿಸಿ, ಸೀಳಿ

ಎಲೆ ಒಣಗಿದ ಮೇಲೆ ಗೆಡ್ಡೆ ಅಗೆದು ಮಣ್ಣು ಕೊಡವಿ. ಕತ್ತನ್ನೂ ಬುಡವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳ್ಳೆಯ ಗೆಡ್ಡೆ ಎಲ್ಲೂ ಕುಸಿಯುವುದಿಲ್ಲ. ಕುಸಿದರೆ ತಲೆಕೆಳಗು ಮಾಡಿ, ಬೇರು ಹುಟ್ಟುವ ಬಿಲ್ಲೆಯಂಥ ಭಾಗವನ್ನು ಪರೀಕ್ಷಿಸಿ. ಅಲ್ಲಿ ತುಕ್ಕು ಬಣ್ಣದ ಅಂಚಿರುವ ಸಣ್ಣ ತೂತು ಇದೆಯೇ? ಆಮೇಲೆ ಕತ್ತಿನಿಂದ ಬುಡದವರೆಗೆ ಉದ್ದಕ್ಕೆ ಸೀಳಿ. ಸುರಂಗ, ಅದರೊಳಗೆ ಕಂದು ಹಿಕ್ಕೆ ಕಂಡರೆ ಅದು ಕೀಟದ ಕೆಲಸ. ಸುರಂಗವೇ ಇಲ್ಲದೆ ಬುಡದಿಂದ ಮೇಲಕ್ಕೆ ಕಂದು ಕೊಳೆ ಹರಡಿದ್ದರೆ ಶಿಲೀಂಧ್ರವನ್ನು ಶಂಕಿಸಿ. ಅದಕ್ಕೆ ಕೀಟನಾಶಕ ಹಾಕುವುದು ದಂಡ. ಒಂದು ಗೆಡ್ಡೆ ಸೀಳಿದ ಮೇಲೆ ಚಾಕು ಒರೆಸದೆ ಇನ್ನೊಂದನ್ನು ಮುಟ್ಟಬೇಡಿ.

ಒಂದೇ ಹುಳುವೋ, ಹಲವೋ?

ಡ್ಯಾಫೋಡಿಲ್ ಮತ್ತು ಅಮರಿಲ್ಲಿಸ್ ಗೆಡ್ಡೆಯಲ್ಲಿ ಕಾಲಿಲ್ಲದ, ಎದ್ದುಕಾಣುವ ತಲೆಯೂ ಇಲ್ಲದ ಹುಳು ಸಿಕ್ಕರೆ ಮೊದಲು ಎಣಿಸಿ. ಒಂದೇ ಒಂದು, ದಪ್ಪ, ಮಾಸಲು ಬಿಳಿ, ಒಂದೂವರೆ ಸೆಂಟಿಮೀಟರ್ ಮೀರಿದ ಹುಳುವಾದರೆ ಅದು ದೊಡ್ಡ ಗೆಡ್ಡೆನೊಣದ ಮರಿ. ಇದೇ ಅಸಲಿ ಕಳ್ಳ. ಎಂಟೊಂಬತ್ತು ಮಿಲಿಮೀಟರಿನ ಹುಳುಗಳು ಗುಂಪಾಗಿದ್ದರೆ ಅವು ಸಣ್ಣ ಗೆಡ್ಡೆನೊಣದವು. ಗಾಯವಾದ, ಕೊಳೆಯುತ್ತಿರುವ ಗೆಡ್ಡೆಯೇ ಇವಕ್ಕೆ ಇಷ್ಟ. ಇವನ್ನು ಕೊಂದರೆ ಮೂಲ ರೋಗ ಹಾಗೇ ಉಳಿಯುತ್ತದೆ.

ದೊಡ್ಡ ನೊಣ ನೋಡಲು ರೋಮ ತುಂಬಿದ ದುಂಬಿಯ ಹಾಗೇ ಇರುತ್ತದೆ. ಆದರೆ ದುಂಬಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಬೆಚ್ಚಗಿನ ಬಿಸಿಲಿನಲ್ಲಿ ಒಣಗುತ್ತಿರುವ ಎಲೆಗಳ ಬುಡದಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿ ಗೆಡ್ಡೆಯ ಹೊರಮೈಗುಂಟ ಇಳಿದು ಬುಡದಿಂದ ಒಳಹೊಕ್ಕು ಸುಳಿಯನ್ನೇ ತಿನ್ನುತ್ತದೆ. ಮುಂದಿನ ಋತುವಿನಲ್ಲಿ ಹೂವಿನ ಬದಲು ಹುಲ್ಲಿನಂಥ ನಾಲ್ಕು ಎಲೆ ಬರುವುದು ಇದಕ್ಕೇ. ಎಲೆ ಒಣಗಿದಾಗ ಕತ್ತಿನ ಸುತ್ತ ಉಳಿಯುವ ಪೊಳ್ಳು ಜಾಗ ಮರಿಗೆ ಸಿದ್ಧವಾದ ದಾರಿ. ಎಲೆ ಬಾಡುತ್ತಿದ್ದಂತೆ ಅಲ್ಲಿಗೆ ಮಣ್ಣು ತುಂಬಿ ಗಟ್ಟಿಮಾಡಿ. ಬಹಳ ಜನ ಇದೊಂದನ್ನೇ ಮರೆಯುತ್ತಾರೆ.

ಗ್ಲಾಡಿಯೋಲಸ್‌ಗೆ ಥ್ರಿಪ್ಸ್

ಎಲೆಯ ಮೇಲೆ ಬೆಳ್ಳಿ ಬಣ್ಣದ ಗೆರೆಗಳು, ಅರಳದೆ ಒಣಗುವ ಮೊಗ್ಗು, ಬಣ್ಣಗೆಟ್ಟ ಪಕಳೆ ಕಂಡರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟವೇ ಅನ್ನಿ. ಹೂವನ್ನು ಬಿಳಿ ಕಾಗದದ ಮೇಲೆ ಜೋರಾಗಿ ಕೊಡವಿ ಅರೆನಿಮಿಷ ಕಾಯಿರಿ. ಒಂದೂವರೆ ಎರಡು ಮಿಲಿಮೀಟರಿನ ಕಪ್ಪು ಗೀಟುಗಳು ಓಡತೊಡಗುತ್ತವೆ. ಅವು ಬೆಳೆದ ಕೀಟಗಳು, ನಸುಹಳದಿ ಬಣ್ಣದವು ಮರಿಗಳು. ಹೂವು ಮುಗಿದ ಮೇಲೆ ಅವು ಗೆಡ್ಡೆಯ ಸಿಪ್ಪೆಯೊಳಗೆ ಸೇರಿ ದಾಸ್ತಾನಿನಲ್ಲೂ ರಸ ಹೀರುತ್ತವೆ. ಸಿಪ್ಪೆ ಸುಲಿದರೆ ಮೇಲ್ಮೈ ಒರಟು, ಕಂದು, ಮುಟ್ಟಿದರೆ ಅಂಟಂಟು. ಗೆಡ್ಡೆ ಅಗೆದ ಕೂಡಲೇ ಎಲೆಕಾಂಡ ಕತ್ತರಿಸಿ ದೂರ ಒಯ್ಯಿರಿ, ಇಲ್ಲವಾದರೆ ಅಲ್ಲಿಂದ ಇಳಿದು ಗೆಡ್ಡೆ ಸೇರುತ್ತವೆ. ದಾಸ್ತಾನು 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಥ್ರಿಪ್ಸ್ ಸಂತಾನ ಬೆಳೆಯುವುದಿಲ್ಲ.

ಉಳಿದವು

ಕತ್ತಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಮುದ್ದೆ ಕಂಡರೆ ಹಿಟ್ಟು ತಿಗಣೆ. ಗೆಡ್ಡೆಯ ಸುತ್ತ ಇರುವೆ ಓಡಾಡುತ್ತಿದ್ದರೆ ಮೊದಲು ಇದನ್ನೇ ಹುಡುಕಿ. ದಾಸ್ತಾನಿಟ್ಟ ಟ್ಯುಲಿಪ್‌ನ ಸಿಪ್ಪೆಯಡಿ, ಮೊಳಕೆಯ ತುದಿಯಲ್ಲಿ ಬೂದು ಪುಡಿ ಮೆತ್ತಿದಂತೆ ಕೂತಿರುವುದು ಗಿಡಹೇನು. ಕಪ್ಪು ಮೈಮೇಲೆ ಬಿಳಿ ಚುಕ್ಕೆ ಅಥವಾ ಪಟ್ಟೆಯಿರುವ ಮರಿಹುಳು ಲಿಲ್ಲಿ ಜಾತಿಯ ಎಲೆ ತಿನ್ನುತ್ತಿದ್ದರೆ ತಡಮಾಡದೆ ಆರಿಸಿ ತೆಗೆಯಿರಿ. ಕೆಲವು ಜಾತಿಯವು ಎಲೆ ಮುಗಿಸಿ ಗೆಡ್ಡೆಗೇ ಇಳಿಯುತ್ತವೆ. ಆರು ಕಾಲು, ಕಂದು ತಲೆ, ಅರ್ಧಚಂದ್ರದಂತೆ ಬಾಗಿದ ಬಿಳಿ ಮೈ ಇದ್ದರೆ ಗೊಣ್ಣೆಹುಳು. ಅದು ಹೊರಗಿನಿಂದ ಕಚ್ಚಿ ತಿನ್ನುತ್ತದೆ.

ಕೊಳೆತ ಗೆಡ್ಡೆಯಲ್ಲಿ ಮುತ್ತಿನಂತೆ ಹೊಳೆಯುವ, ಮಂದಗತಿಯ, ಒಂದು ಮಿಲಿಮೀಟರೂ ಇಲ್ಲದ ಚುಕ್ಕೆಗಳು ನುಸಿಗಳು. ಎಂಟು ಕಾಲಿರುವುದರಿಂದ ಕೀಟದ ಲೆಕ್ಕಕ್ಕೆ ಬಾರವು. ಗಾಯವೋ ತೇವವೋ ಮೊದಲೇ ಇದ್ದಲ್ಲಿ ಹೆಚ್ಚಾಗಿ ಸೇರುತ್ತವೆ.

ಬಿಸಿನೀರಿನ ಉಪಚಾರ

ಗಟ್ಟಿಯಿದ್ದರೂ ಅನುಮಾನವಿರುವ, ವಿಶ್ರಾಂತಿಯಲ್ಲಿರುವ ಡ್ಯಾಫೋಡಿಲ್ ಗೆಡ್ಡೆಗಳನ್ನು 43ರಿಂದ 44 ಡಿಗ್ರಿ ನೀರಿನಲ್ಲಿ 1 ಗಂಟೆ ಮುಳುಗಿಸಿಡಿ. ಗ್ಲಾಡಿಯೋಲಸ್‌ಗೆ 46 ಡಿಗ್ರಿ, 20ರಿಂದ 30 ನಿಮಿಷ. ಕೈ ಅದ್ದಿ ಅಂದಾಜು ಮಾಡಿದರೆ ಕೆಲಸ ಕೆಡುತ್ತದೆ. ಎರಡು ಡಿಗ್ರಿ ಕಡಿಮೆಯಾದರೆ ಹುಳು ಬದುಕುತ್ತದೆ, ಹೆಚ್ಚಾದರೆ ಒಳಗಿನ ಹೂಮೊಗ್ಗು ಬೇಯಬಹುದು. ಥರ್ಮಾಮೀಟರ್ ನೀರಿನಲ್ಲೇ ಇರಲಿ. ತಣ್ಣನೆಯ ಗೆಡ್ಡೆ ಹಾಕಿದೊಡನೆ ಬಿಸಿ ಇಳಿಯುವುದರಿಂದ ನೀರು ಹೆಚ್ಚಿರಲಿ, ಗೆಡ್ಡೆ ಕಡಿಮೆಯಿರಲಿ. ತೆಗೆದ ಮೇಲೆ ಗಾಳಿಯಾಡುವ ನೆರಳಿನಲ್ಲಿ ಒಂದೇ ಪದರವಾಗಿ ಹರಡಿ ಒಣಗಿಸಿ.

ಮೆತ್ತಗಾದ ಗೆಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ನೊಣದ ಮರಿ ಅಲ್ಲೇ ಕೋಶ ಕಟ್ಟಿ ಹೊರಬರುತ್ತದೆ. ಸುಡಿ, ಇಲ್ಲವೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ.